ಪ್ರೈವೇಟ್ ನಂಬರು

ಬಾಗೇಶಪುರದಿಂದ ಈಚೆಗೆ, ತೆಂಗಿನ ಸಾಲು ಮುಗಿದು
ಕರಿಕಲ್ಲು ಶುರುವಾಗುವಲ್ಲಿ ನನ್ನ ಗೇಟು.
ಹದಿನಾಲ್ಕು ವರ್ಷ ಒಂದೇ ಮಾತು:
ಫೋನು ಎರಡು ಸಲ ಗುರ್ ಅನ್ನುತ್ತೆ,
ಮಾಸ್ತರು ಗಾಡಿ ಯಾವುದು ಅಂತ ಹೇಳ್ತಾರೆ,
ನಾನು ಚಕ್ರ ತಿರುಗಿಸಿ, ಗೇಟು ಇಳಿಸಿ, ಬೀಗ ಜಡಿದು
ಹಾಳೆಯಲ್ಲಿ ಮುಂದಿನ ಅಂಕಿ ಓದ್ತೀನಿ.
ನಲವತ್ತೇಳು.
ಅವರು ತಮ್ಮ ಹಾಳೆಯಿಂದ ಒಂದು ಕೊಡ್ತಾರೆ.
ಎಪ್ಪತ್ತೆರಡು.
ಇಬ್ಬರೂ ಗೀಟು ಹೊಡೆದ ಮೇಲೆ ಸಿಗ್ನಲ್ಲು ಹಸಿರು.

ಪ್ರೈವೇಟ್ ನಂಬರು ಅಂತಾರೆ ಇದಕ್ಕೆ.
ಹೊಸದರಲ್ಲಿ ನಾಚಿಕೆ ಆಗೋದು,
ಕಾಣದ ಗಂಡಸಿಗೆ ಗುಟ್ಟು ಹೇಳಿದ ಹಾಗೆ.

ಹಾಲಪ್ಪ ಗ್ಯಾಂಗಿನಲ್ಲಿದ್ದ. ಸುತ್ತಿಗೆ ಹೊತ್ತು
ಹಳಿ ಮೇಲೆ ನಡೆದೂ ನಡೆದೂ ಒಂದು ದಿನ ಏಳಲಿಲ್ಲ.
ಅವನ ಕೆಲಸ ನನ್ನ ಹೆಸರಿಗೆ ಬಂತು,
ಬಾವುಟ ಮಾತ್ರ ಆಫೀಸು ವಾಪಸ್ ತಗೊಂತು.

ಈಗಿನ ಮಾಸ್ತರು ಝಾ. ದರ್ಭಂಗದವರಂತೆ, ಮುಖ ನೋಡಿಲ್ಲ.
ಬಂದ ತಿಂಗಳು "ಸೈಂತಾಲೀಸ್" ಅಂದಾಗ
ಫೋನು ಹಿಡಿದು ನಿಂತುಬಿಟ್ಟೆ.
ನಲವತ್ತೇಳೋ, ಮೂವತ್ತೇಳೋ?
ತಪ್ಪು ಕೇಳಿಸಿಕೊಂಡರೆ ಇಲ್ಲಿ ಕ್ಷಮೆ ಇಲ್ಲ, ಹೆಣ ಇದೆ.
"ಬಿಡಿಸಿ ಹೇಳಿ ಸ್ವಾಮಿ" ಅಂದೆ.
ಒಂದು ಬೇಸಿಗೆ ಕಳೆಯೋದರಲ್ಲಿ
ಅವರ ಬಾಯಲ್ಲಿ ತೊಂಬತ್ತೊಂಬತ್ತೂ ಹೊರಳಿತು.
ಅರವತ್ತಾರು ಮಾತ್ರ ಇವತ್ತಿಗೂ "ಅರುವತ್ತರು."
ನಾನು ತಿದ್ದಿಲ್ಲ.

ಕರಡಿ ವಿಷಯ ಹೇಳಲೇಬೇಕು.
ರಾತ್ರಿ ಎರಡೂ ಹತ್ತರ ಗೂಡ್ಸು. ಗೇಟು ಇಳಿಸಿದ್ದೆ.
ಹಿರೇಕಲ್ ಗುಡ್ಡದ ಕಡೆಯಿಂದ ತಾಯಿ, ಬೆನ್ನ ಮೇಲೆ ಮರಿ,
ಹಳಿ ನಡುವೆ ಕೂತು
ಯಾರದೋ ಚೀಲದಿಂದ ಉದುರಿದ ಕೊಬ್ಬರಿ ಹೆಕ್ಕುತ್ತಿತ್ತು.
ಟಾರ್ಚು ಬಿಟ್ಟೆ, ತಟ್ಟೆ ಬಡಿದೆ.
ನೋಡಿತು. ಮತ್ತೆ ತಿಂತು.
"ನಂಬರ್, ದೇವೀರಮ್ಮ?"
"ಕೊಡಲ್ಲ."
"ಗೇಟು ತೆರೆದಿದೆಯಾ?"
"ಮುಚ್ಚಿದೆ. ಆದರೂ ಕೊಡಲ್ಲ."
ಹನ್ನೊಂದು ನಿಮಿಷ ಗೂಡ್ಸು ಅಲ್ಲೇ ಬಿಸಿಯುಸಿರು ಬಿಟ್ಟಿತು.
ಮೈಸೂರಿಂದ ಮೆಮೊ: ಕಾರಣ ತಿಳಿಸಿ.
ಕರಡಿ ಅಂತ ಬರೆದೆ.
ಮರು ಮೆಮೊ: ಕರಡಿಯು ರಸ್ತೆ ಬಳಕೆದಾರರ ವ್ಯಾಪ್ತಿಗೆ ಬರುವುದಿಲ್ಲ.
ಒಂದು ಇನ್‌ಕ್ರಿಮೆಂಟು ಹೋಯಿತು.
ಝಾ ಕೇಳಿದ್ದು ಒಂದೇ, ಮರಿ ಎಷ್ಟಿದ್ದವು?
ಎರಡು ಅಂದೆ.
ಆ ಕಡೆ ಪೆನ್ನು ಗೀಚಿದ ಸದ್ದು.

ಈಗ ಹೊಸ ಕಂಬ ಬಂದಿದೆ. ಹಳಿಗೆ ಡಬ್ಬಿ ಕಚ್ಚಿಸಿದ್ದಾರೆ,
ಗಾಡಿ ಅಚ್ಚು ಎಣಿಸುತ್ತಂತೆ.
ತಾನೇ ಕೂಗಿ, ತಾನೇ ಇಳಿದು, ತಾನೇ ಹಸಿರು ಕೊಡುತ್ತಂತೆ.
ಜೋಡಿಸಲು ಬಂದವನು ತಿಪಟೂರಿನ ಇಮ್ತಿಯಾಜ್, ಒಳ್ಳೇ ಹುಡುಗ,
ಟೀ ಕುಡೀತಾ ಅಂದ: ಅಮ್ಮಾ, ಇದು ನಿದ್ದೆ ಮಾಡಲ್ಲ.
ನಾನೂ ಮಾಡಿಲ್ಲ ಕಣಪ್ಪ ಅಂದೆ.

ಸುಳ್ಳು. ಒಂದು ಸಲ ಮಾಡಿದ್ದೆ.
ಯುಗಾದಿ ಮಾರನೇ ದಿನ, ಮೈ ಕೆಂಡ.
ಫೋನು ಹೊಡಕೊಂಡು ಹೊಡಕೊಂಡು ಸತ್ತಿತ್ತು.
ನಿಂತ ಗಾಡಿಯ ಸಿಳ್ಳೆಗೆ ಎಚ್ಚರಾದಾಗ
ಗೇಟು ಆಕಾಶ ನೋಡ್ತಾ ಇತ್ತು.
ಅದು ಯಾವ ಮೆಮೊದಲ್ಲೂ ಇಲ್ಲ. ಝಾ ಬರೆಯಲಿಲ್ಲ.
ಅದಕ್ಕೇ ಆ ಡಬ್ಬಿಯನ್ನು ಬೈಯಲು
ನನಗೆ ಬಾಯಿ ಬರಲ್ಲ.

ಲಾಟೀನು ಒಂದು, ಬಾವುಟ ಎರಡು, ಪಟಾಕಿ ಹತ್ತು, ಸರಪಳಿ ಒಂದು.
ಉಳಿದ ಹಾಳೆಗಳನ್ನೂ ಎಣಿಸಿ ಸಹಿ ಹಾಕಿಸಿಕೊಂಡರು,
ಯಾರೂ ಯಾರಿಗೂ ಓದದ ಅಂಕಿಗಳು, ಹಾಗೇ ಮಡಚಿ.
ನನಗೆ ಅರಸೀಕೆರೆ ಪಾರ್ಸೆಲ್ ಆಫೀಸು.
ಹಗಲು ಕೆಲಸ. ಅದೃಷ್ಟ ಅಂದರು ಎಲ್ಲರೂ.

ಮೂರನೇ ರಾತ್ರಿ ಕ್ವಾರ್ಟರ್ಸಿನಲ್ಲಿ
ನನ್ನ ಸ್ವಂತ ಮೊಬೈಲು ಗುಂಯ್ ಅಂತು.
ಎರಡೂ ಹತ್ತು.
"ಗೂಡ್ಸು" ಅಂದರು. ಅಷ್ಟೇ. ಉಸಿರು ಕೇಳ್ತಿತ್ತು.
ಹಾಳೆ ಇಲ್ಲ, ಕನ್ನಡಕ ಇಲ್ಲ.
ಎದ್ದೆ. ಬಾಗಿಲ ಚಿಲಕ ಬಿದ್ದಿದೆಯಾ ಅಂತ
ಕತ್ತಲಲ್ಲೇ ಮುಟ್ಟಿ ನೋಡಿ ಬಂದು
"ಅರುವತ್ತರು" ಅಂದೆ.